ಎರಡನೇ ತಂತಿ

ನನ್ನ ಕಿವಿ ಕೆಟ್ಟಿರುವುದು ಮೈಸೂರಿನ ಒಬ್ಬ ಡಾಕ್ಟರಿಗೂ ನನಗೂ ಮಾತ್ರ ಗೊತ್ತು ಎಂದು ನಾನು ತಿಳಿದಿದ್ದೆ. ಡಾಕ್ಟರು ಒಂದು ಹಾಳೆಯ ಮೇಲಿನ ಗೆರೆ ತೋರಿಸಿದ್ದರು. ಎಡದಿಂದ ನೆಟ್ಟಗೆ ಬಂದ ಗೆರೆ ಬಲಕ್ಕೆ ಹೋಗುತ್ತಾ ಕೆಳಗೆ ಧುಮುಕಿತ್ತು. "ದಪ್ಪ ಶಬ್ದ ಪರವಾಗಿಲ್ಲ, ಸಣ್ಣ ಶಬ್ದಗಳು ಹೋಗಿವೆ. ವಾಪಸ್ ಬರಲ್ಲ. ಏನು ಕೆಲಸ ನಿಮ್ಮದು?" ಎಂದು ಕೇಳಿದರು. ಕಾಫಿ ತೋಟ ಎಂದೆ. ಗಾಳಿಬೀಡಿನಲ್ಲಿ ಎರಡು ಎಕರೆ ಇರುವುದರಿಂದ ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ನಾನು ತೀರ್ಥಪ್ರಸಾದ್, ಜನ ನನ್ನನ್ನು ಗುರುತಿಸುವುದು ಗಿಟಾರ್ ಮೇಷ್ಟ್ರು ಎಂದು.

ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಹದಿನೆಂಟು ವರ್ಷ ಆರ್ಕೆಸ್ಟ್ರಾದಲ್ಲಿದ್ದೆ. ಮದುವೆ ಮನೆ, ಗಣೇಶನ ಪೆಂಡಾಲು, ಮಡಿಕೇರಿ ದಸರಾ, ಎಲ್ಲ ಕಡೆಯೂ ನನ್ನನ್ನು ಸ್ಪೀಕರಿನ ಪಕ್ಕಕ್ಕೇ ನಿಲ್ಲಿಸುತ್ತಿದ್ದರು. ಹಾಡುವವರಿಗೆ ನಡುವಿನ ಜಾಗ ಬೇಕು, ಡ್ರಮ್ಮಿನವನಿಗೆ ಹಿಂದಿನ ಜಾಗ ಬೇಕು, ಗಿಟಾರಿನವನು ಎಲ್ಲಿ ನಿಂತರೂ ನಡೆಯುತ್ತದೆ. ಈಗ ಕಿವಿಯೊಳಗೆ ಸದಾ ಒಂದು ಜೀರುಂಡೆ ಕೂತಿದೆ. ಗಾಳಿಬೀಡಿನಲ್ಲಿ ಹೊರಗೂ ಜೀರುಂಡೆ ಇರುವುದರಿಂದ ಬಹಳ ದಿನ ನನಗೆ ಅನುಮಾನವೇ ಬರಲಿಲ್ಲ. ಹೆಂಡತಿ ಯಮುನ ಒಮ್ಮೆ "ಮೂರು ಸಲ ಕರ್ದೆ, ನಿಮ್ಗೆ ಎಂತ ಕೇಳ್ತಿಲ್ಲೆನಾ?" ಎಂದಾಗ ತಪ್ಪನ್ನು ಬಸ್ಸಿನ ಮೇಲೆ ಹಾಕಿದೆ. ಮಡಿಕೇರಿಯಿಂದ ಇಳಿಯುವಾಗ ಕಿವಿ ಕಟ್ಟುತ್ತದೆ, ಎರಡು ದಿನ ಬಿಡುವುದಿಲ್ಲ ಎಂದೆ. ಅವಳು ನಂಬಿದಳು, ಅಥವಾ ನಂಬಿದ ಹಾಗೆ ಮಾಡಿದಳು.

ಕ್ಲಾಸು ಇರುವುದು ಕುಶಾಲನಗರದಲ್ಲಿ, ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಭಾನುವಾರ ಹತ್ತು ಗಂಟೆಗೆ. ಬೀಗದ ಕೈ ಅಂಗಡಿಯಲ್ಲೇ ಇರುತ್ತದೆ. ಒಂಬತ್ತು ಜನ ಬರುತ್ತಿದ್ದರು, ಹೆಚ್ಚಿನವರು ಮಕ್ಕಳು. ಎಲ್ಲರಿಗಿಂತ ಹಳಬಳು ಮೋನಿಷಾ, ಅಂಚೆ ಕಚೇರಿಯಲ್ಲಿ ಕೆಲಸ, ಆರು ವರ್ಷದಿಂದ ನನ್ನ ಬೈಗುಳ ತಿಂದು ಗಟ್ಟಿಯಾದವಳು. ಗೋಡೆಯ ಮೇಲೆ ನಾನೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ ಹಾಳೆಯಿತ್ತು: 'ಶ್ರುತಿ ಕಿವಿಯಿಂದ. ಮಿಶಿನ್ ತರಬಾರದು.' ಟ್ಯೂನರ್ ಎಂದು ಒಂದು ಯಂತ್ರವಿದೆ, ಗಿಟಾರಿನ ತಲೆಗೆ ಬಟ್ಟೆಯ ಕ್ಲಿಪ್ಪಿನ ಹಾಗೆ ಕಚ್ಚಿಸುವುದು. ತಂತಿ ಸರಿಯಿದ್ದರೆ ಹಸಿರು ದೀಪ, ತಪ್ಪಿದ್ದರೆ ಕೆಂಪು. ಕಿವಿ ನೆಟ್ಟಗಿದ್ದ ಕಾಲದಲ್ಲಿ ನಾನು ಅದನ್ನು ಬಾಯಿಗೆ ಬಂದ ಹಾಗೆ ಬೈದಿದ್ದೇನೆ. ಈಗ ಅಂಥದ್ದೇ ಒಂದು ನನ್ನ ಬೀರುವಿನಲ್ಲಿ ಬನಿಯನ್ನುಗಳ ಕೆಳಗಿದೆ. ಭಾನುವಾರ ಬೆಳಿಗ್ಗೆ ಬಾಗಿಲು ಹಾಕಿಕೊಂಡು ನನ್ನ ಗಿಟಾರನ್ನು ಅದರಲ್ಲಿ ನೋಡಿ ಸರಿಮಾಡಿಕೊಂಡೇ ಬಸ್ಸು ಹತ್ತುತ್ತಿದ್ದೆ.

ಶಿಷ್ಯರ ಗಿಟಾರುಗಳ ಚಿಂತೆ ನನಗಿರಲಿಲ್ಲ. ನಾನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಎಲ್ಲರೂ ಬಂದು ಕೂತಿರುತ್ತಿದ್ದರು. ಒಬ್ಬರೂ ತಡ ಮಾಡುತ್ತಿರಲಿಲ್ಲ. ಎಲ್ಲರ ಗಿಟಾರನ್ನೂ ಒಂದು ಸಲ ಬಾರಿಸಿ ನೋಡಿ "ಹ್ಞೂಂ" ಎನ್ನುತ್ತಿದ್ದೆ, ಅಷ್ಟೇ. ಒಂಬತ್ತು ಗಿಟಾರುಗಳೂ ಸರಿಯಾಗಿರುತ್ತಿದ್ದವು. ಇದು ನನ್ನ ಶಿಸ್ತಿನ ಫಲ ಎಂದು ಹೆಮ್ಮೆಪಡುತ್ತಿದ್ದೆ. ಮಡಿಕೇರಿಯ ಬೇರೆ ಮೇಷ್ಟ್ರುಗಳ ಬಗ್ಗೆ ಸ್ವಲ್ಪ ತಾತ್ಸಾರವೂ ಇತ್ತು.

ಕಿವಿಯ ವಿಷಯ ಕ್ಲಾಸಿನಲ್ಲಿ ಯಾರಿಗಾದರೂ ಗೊತ್ತಾದರೆ ಅವತ್ತೇ ಬಾಗಿಲು ಮುಚ್ಚುವುದು ಎಂದು ತೀರ್ಮಾನ ಮಾಡಿದ್ದೆ. ಕಿವುಡ ಸಂಗೀತ ಮೇಷ್ಟ್ರು ಎನ್ನಿಸಿಕೊಂಡು ಓಡಾಡುವಷ್ಟು ದಪ್ಪ ಚರ್ಮ ನನ್ನದಲ್ಲ. ಆದರೆ ಕ್ಲಾಸು ಹೋದರೆ ನನಗೆ ಉಳಿಯುವುದು ಎರಡು ಎಕರೆ ಮತ್ತು ಆ ಜೀರುಂಡೆ. ಅದನ್ನು ನೆನೆಸಿಕೊಂಡರೆ ಹೆದರಿಕೆಯಾಗುತ್ತಿತ್ತು.

ಜೂನ್ ತಿಂಗಳಲ್ಲಿ ವನಜಮ್ಮ ಬಂದರು. ಐವತ್ತು ದಾಟಿದ ಹೆಂಗಸು, ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಬಾಚಿಕೊಂಡು, ಹಳೆಯ ಬೆಡ್‌ಶೀಟಿನಲ್ಲಿ ಗಿಟಾರ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅವರ ಮಾವನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ಕುಶಾಲನಗರದ ಪಕ್ಕದ ಹಳ್ಳಿಯಲ್ಲಿ ನೆಲೆಸಿದ ಮನೆತನ. "ಯಾರಿಗೆ ಕಲಿಸಬೇಕು?" ಎಂದು ಕೇಳಿದೆ.

"ನಂಗೇ ಸಾರ್."

ಕೂತ ಮಕ್ಕಳಲ್ಲಿ ಯಾರೋ ಕಿಸಕ್ಕೆಂದರು. ವನಜಮ್ಮ ಅತ್ತ ತಿರುಗಲಿಲ್ಲ.

"ಇಪ್ಪತ್ತೆರಡು ವರ್ಷ ಕ್ಯೂರಿಂಗ್ ಫ್ಯಾಕ್ಟರೀನಾಗೆ ಕಾಫಿ ಕಾಳು ಆರ್ಸಿದೀನಿ ಸಾರ್. ಕಪ್ಪಾಗಿರೋದು, ಒಡೆದಿರೋದು, ಹುಳ ಹೊಡ್ದಿರೋದು, ಎಲ್ಲಾ ಕೈಲೇ ತೆಗೀತಿದ್ವಿ. ಈಗ ಬಣ್ಣ ನೋಡಿ ತೆಗಿಯೋ ಮಿಶಿನ್ ಬಂತು. ನಿಮ್ಮ ಬೆರಳಿಗಿಂತ ಅದೇ ಜೋರು ಅಂತ ನಮ್ಮನ್ನೆಲ್ಲ ಮನೆಗೆ ಕಳ್ಸುದ್ರು. ಈ ಕೈ ಸುಮ್ನೆ ಕೂರಾಕಿಲ್ಲ ಅಂತದೆ. ಆರ್ಸಿಟ್ಟಿರೋ ಅಕ್ಕೀನೇ ದಿನಾ ಆರಿಸ್ತಾ ಕೂತಿರ್ತಿದ್ದೆ. ನಮ್ಮ ನವೀನ ನೋಡೋಗಂಟ ನೋಡ್ದ, ಆಮೇಲೆ ಇದನ್ನ ಗೋಡೆಯಿಂದ ಇಳಿಸಿಕೊಟ್ಟ. ಇದನ್ನಾರ ಕಲ್ತ್ಕೋ ಹೋಗವ್ವ ಅಂದ."

ನವೀನ ಅವರ ಮಗ, ಗೂಡ್ಸ್ ಆಟೋ ಓಡಿಸುತ್ತಾನೆ. ಎಲ್ಲ ಹುಡುಗರ ಹಾಗೆ ಆನ್‌ಲೈನಿನಲ್ಲಿ ಗಿಟಾರ್ ತರಿಸಿ, ಎರಡು ವಾರ ಬಾರಿಸಿ, ಮೊಳೆಗೆ ನೇತುಹಾಕಿದ್ದ. ವನಜಮ್ಮ ಮೂರು ತಿಂಗಳಿಗಿಂತ ಹೆಚ್ಚು ಬರುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ.

ಬೆರಳಲ್ಲಿ ಮೀಟಿ ನುಡಿಸುವುದಕ್ಕೆ ಒಂದು ಕ್ರಮವಿದೆ. ಹೆಬ್ಬೆರಳು ಮೂರು ದಪ್ಪ ತಂತಿಗಳನ್ನು ನೋಡಿಕೊಳ್ಳಬೇಕು. ಉಳಿದ ಮೂರು ಸಣ್ಣ ತಂತಿಗಳಿಗೆ ತೋರುಬೆರಳು, ನಡುಬೆರಳು, ಉಂಗುರದ ಬೆರಳು, ಒಂದಕ್ಕೊಂದು. ಹೇಳುವುದಕ್ಕೆ ಸುಲಭ. ಉಂಗುರದ ಬೆರಳು ಯಾರ ಮಾತನ್ನೂ ಕೇಳದ ಬೆರಳು, ನಡುಬೆರಳು ಎದ್ದರೆ ತಾನೂ ಏಳುತ್ತದೆ. ಅದನ್ನು ಬೇರೆ ಮಾಡಲು ಹುಡುಗರಿಗೆ ಎರಡು ತಿಂಗಳು ಬೇಕು. ವನಜಮ್ಮ ಎರಡನೇ ಭಾನುವಾರವೇ ನುಡಿಸಿಬಿಟ್ಟರು. ಹೆಬ್ಬೆರಳು ತನ್ನ ಪಾಡಿಗೆ ತಾಳ ಹಾಕುತ್ತಿತ್ತು, ಉಳಿದ ಮೂರೂ ತಮ್ಮ ತಮ್ಮ ತಂತಿಯನ್ನು ಮಾತ್ರ ಎತ್ತಿಕೊಳ್ಳುತ್ತಿದ್ದವು. ಕಣ್ಣು ಕಿಟಕಿಯ ಹೊರಗಿತ್ತು. ಇಪ್ಪತ್ತೆರಡು ವರ್ಷ ಸಾವಿರಾರು ಕಾಳಿನ ನಡುವಿನಿಂದ ಒಂದನ್ನೇ ಹಿಡಿದು ತೆಗೆದ ಬೆರಳುಗಳು ಅವು. ನನಗೆ ಸಂತೋಷವಾಗಬೇಕಿತ್ತು, ಹೊಟ್ಟೆಕಿಚ್ಚಾಯಿತು.

ಅವರು ಸಿಕ್ಕಿಬಿದ್ದದ್ದು ಸ್ಟ್ರಮ್ಮಿಂಗಿನಲ್ಲಿ. ಸ್ಟ್ರಮ್ಮಿಂಗ್ ಎಂದರೆ ಆರೂ ತಂತಿಯ ಮೇಲೆ ಕೈಯನ್ನು ಒಂದೇ ಬೀಸಿಗೆ ಎಳೆಯುವುದು. ಕೆಳಗೆ, ಕೆಳಗೆ-ಮೇಲೆ, ಮೇಲೆ-ಕೆಳಗೆ-ಮೇಲೆ. ಮಣಿಕಟ್ಟು ಸಡಿಲವಾಗಿರಬೇಕು, ತಂತಿಗೆ ತಾಗಲಿ ಬಿಡಲಿ ಕೈ ನಿಲ್ಲಬಾರದು. ಎಂಟು ವರ್ಷದ ಮಕ್ಕಳೂ ಒಂದು ವಾರದಲ್ಲಿ ಮಾಡುತ್ತಾರೆ. ತಂತಿಗಳನ್ನು ಕೆಳಗಿನ ಸಣ್ಣದರಿಂದ ಎಣಿಸುತ್ತೇವೆ. ವನಜಮ್ಮನ ಕೈ ಮೂರನೇ ತಂತಿಯವರೆಗೆ ಬಂದು ತಡೆಯುತ್ತಿತ್ತು. ಎರಡನೆಯದನ್ನು ಹಾರಿ ಒಂದನೆಯದನ್ನು ಮುಟ್ಟುತ್ತಿತ್ತು. ತಾಳ ಅಲ್ಲೇ ಮುಗ್ಗರಿಸುತ್ತಿತ್ತು.

"ಆರಿಸಬೇಡಿ ವನಜಮ್ಮ. ಇದು ಕಾಫಿ ಅಲ್ಲ. ಎಲ್ಲವನ್ನೂ ಒಟ್ಟಿಗೆ ಬಾರಿಸಿ" ಎಂದೆ.

"ಆ ಎರಡನೇದು ಕೆಟ್ಟಿದೆ ಸಾರ್. ಜೊಂಯ್ ಅಂತದೆ."

ಗಿಟಾರ್ ತೆಗೆದುಕೊಂಡು ಎರಡನೇ ತಂತಿ ಮೀಟಿದೆ. ನನಗೆ ಕೇಳಿಸಿದ್ದು ಚೆಂದದ ದುಂಡು ಸ್ವರ. ಮತ್ತೊಮ್ಮೆ ಮೀಟಿದೆ. ಅದೇ. "ತಂತಿ ಸರಿಯಾಗಿದೆ. ನಿಮ್ಮ ಬೆರಳು ಸರಿಯಿಲ್ಲ. ಒತ್ತಬೇಕಾದಲ್ಲಿ ಒತ್ತುತ್ತಿಲ್ಲ, ಅದಕ್ಕೆ ಹಾಗೆ" ಎಂದೆ.

ಅವರು ತಮ್ಮ ಬೆರಳುಗಳನ್ನು ತಿರುಗಿಸಿ ನೋಡಿಕೊಂಡರು. ಮೋನಿಷಾ ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು. ನಾನು ಮುಂದಿನ ಪಾಠಕ್ಕೆ ಹೋದೆ.

ಇದು ಎಂಟು ವಾರ ನಡೆಯಿತು. ಪ್ರತಿ ಭಾನುವಾರ ಅವರು ಎರಡನೇ ತಂತಿ ಬಿಡುವುದು, ನಾನು ಬೆರಳಿಗೆ ಬೈಯುವುದು. ಈಗ ಯೋಚಿಸಿದರೆ ನನ್ನ ಮೇಲೆ ನನಗೇ ನಗು ಬರುತ್ತದೆ, ಏಕೆಂದರೆ ಸುಳಿವು ಕಣ್ಣೆದುರೇ ಇತ್ತು. ಎಡಗೈಯಲ್ಲಿ ಆ ತಂತಿಯನ್ನು ಒತ್ತಿ ಹಿಡಿಯುವ ಕಾರ್ಡ್, ಎಂದರೆ ಸ್ವರಗಳ ಗೊಂಚಲು, ಬಂದರೆ ವನಜಮ್ಮ ಅದನ್ನು ಬಿಡುತ್ತಿರಲಿಲ್ಲ, ಸರಾಗವಾಗಿ ಬಾರಿಸುತ್ತಿದ್ದರು. ತಂತಿಯನ್ನು ಒತ್ತದೆ ಹಾಗೇ ತೆರೆದು ಬಿಡುವ ಕಾರ್ಡ್ ಬಂದಾಗ ಮಾತ್ರ ಹಾರುತ್ತಿದ್ದರು. ತೆರೆದ ತಂತಿ ಮಾತ್ರ ಜೊಂಯ್‌ಗುಟ್ಟಿದರೆ ತಪ್ಪು ಬೆರಳಿನದಲ್ಲ, ಗಿಟಾರಿನ ಕತ್ತಿನ ತುದಿಯಲ್ಲಿ ತಂತಿ ಕೂರುವ ಗೀರಿನದು. ಗೀರು ಆಳವಾಗಿದ್ದರೆ ತಂತಿ ತಗ್ಗಿ ಪಕ್ಕದ ಲೋಹದ ಪಟ್ಟಿಗೆ ತಾಗುತ್ತದೆ. ಇದನ್ನು ಎಷ್ಟೋ ಜನರಿಗೆ ನಾನೇ ಕಲಿಸಿದ್ದೇನೆ. ಕೇಳಿಸದ್ದನ್ನು ಇಲ್ಲ ಎಂದು ಸಾಧಿಸಲು ಹೊರಟವನಿಗೆ ಕಂಡದ್ದೂ ಕಾಣುವುದಿಲ್ಲ.

ಸೆಪ್ಟೆಂಬರಿನ ಮೊದಲ ಭಾನುವಾರ ವನಜಮ್ಮ ಎಂದಿನಂತೆ ಹತ್ತು ಗಂಟೆಗೆ ಬಂದರು. ಅವರ ಊರಿನ ಬಸ್ಸು ತಲುಪುವುದೇ ಹತ್ತಕ್ಕೆ, ಎಲ್ಲರಿಗಿಂತ ಕೊನೆಗೆ ಬರುವವರು ಅವರೊಬ್ಬರೇ. ಮುಖದಲ್ಲಿ ಒಂದು ಕಳೆಯಿತ್ತು. ಕೂತವರೇ, ನಾನು ಹೇಳುವ ಮೊದಲೇ ಬಾರಿಸಲು ಶುರು ಮಾಡಿದರು. ಕೆಳಗೆ, ಕೆಳಗೆ-ಮೇಲೆ, ಮೇಲೆ-ಕೆಳಗೆ-ಮೇಲೆ. ಕೈ ಎಲ್ಲೂ ತಡೆಯಲಿಲ್ಲ. ತೊಟ್ಟಿಲು ತೂಗುವ ಕೈಯ ಹಾಗೆ ಹೋಗಿ ಬರುತ್ತಿತ್ತು. ಮಕ್ಕಳು ಕಣ್ಣರಳಿಸಿ ನೋಡಿದರು.

"ನೋಡಿದಿರಾ? ಬೆರಳು ಸರಿಹೋಯಿತಲ್ಲ" ಎಂದೆ, ಗೆದ್ದವನ ಹಾಗೆ.

"ಬೆರಳಲ್ಲ ಸಾರ್. ಕೆಟ್ಟಿದ್ದನ್ನ ತೆಗೆದಾಕಿಬಿಟ್ಟೆ."

ಹತ್ತಿರ ಹೋಗಿ ನೋಡಿದೆ. ಗಿಟಾರಿನಲ್ಲಿ ಐದೇ ತಂತಿಗಳಿದ್ದವು. ಎರಡನೆಯದರ ಜಾಗ ಖಾಲಿ. ವನಜಮ್ಮ ಬ್ಲೌಸಿನೊಳಗಿನಿಂದ ಪರ್ಸು ತೆಗೆದು, ಅದರಿಂದ ಬಳೆಯಂತೆ ಸುತ್ತಿಟ್ಟ ತಂತಿಯನ್ನು ನನ್ನ ಮುಂದೆ ಹಿಡಿದರು. ಕೆಟ್ಟ ಕಾಳನ್ನು ತೆಗೆದು ಲೆಕ್ಕ ಬರೆಯುವ ರೈಟರಿಗೆ ತೋರಿಸುವುದು ಕ್ಯೂರಿಂಗಿನ ಪದ್ಧತಿಯಂತೆ. ಕಾಳು ಕೆಟ್ಟರೆ ತೆಗೆಯಬೇಕು, ಉಳಿದದ್ದು ಚೆನ್ನಾಗಿರುತ್ತದೆ. ಅವರಿಗೆ ಇದರಲ್ಲಿ ತಮಾಷೆ ಏನೂ ಇರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. "ಗಿಟಾರಿಗೆ ಆರು ತಂತಿ ವನಜಮ್ಮ! ಬೇಡವಾದ್ದನ್ನು ಕಿತ್ತುಹಾಕಲು ಇದೇನು ಸೊಪ್ಪಿನ ಕಟ್ಟೇ?" ಎಂದು ಕೂಗಿದೆ. ಚೀಲದಿಂದ ಹೊಸ ತಂತಿ ತೆಗೆದು ಅಲ್ಲೇ ಹಾಕಲು ಕೂತೆ. ತಂತಿ ಸಿಕ್ಕಿಸಿ, ಬಿರಡೆಗೆ ಸುತ್ತಿ, ಬಿಗಿ ಮಾಡುತ್ತಾ ಬಂದೆ. ಆಮೇಲೆ ಹೊಳೆಯಿತು, ಇದನ್ನು ಶ್ರುತಿಗೆ ತರಬೇಕಾದವನು ನಾನು. ಹತ್ತು ಜನರ ಎದುರಿಗೆ, ಬರಿಯ ಕಿವಿಯಿಂದ. ತಲೆಯ ಮೇಲೆ ಗೋಡೆಯಲ್ಲಿ ನನ್ನದೇ ಅಕ್ಷರ.

ಮೂರನೇ ತಂತಿಯನ್ನು ಒತ್ತಿ ಮೀಟಿದೆ, ಹೊಸ ತಂತಿಯನ್ನು ಮೀಟಿದೆ, ಎರಡೂ ಒಂದೇ ಆಗುವವರೆಗೆ ಬಿರಡೆ ತಿರುಗಿಸಬೇಕು. ತಿರುಗಿಸಿದೆ. ಕಿವಿಯೊಳಗೆ ಜೀರುಂಡೆ ಕೂಗುತ್ತಿತ್ತು. ಒಂದು ಹಂತದಲ್ಲಿ ಎರಡೂ ಕೂಡಿದವು ಅನ್ನಿಸಿತು. ಇನ್ನಷ್ಟು ತಿರುಗಿಸಿದೆ, ಆಗಲೂ ಕೂಡಿದಂತೆಯೇ ಇತ್ತು. ಕೊನೆಗೆ ಒಂದು ಕಡೆ ನಿಲ್ಲಿಸಿ, ಆರೂ ತಂತಿಯ ಮೇಲೆ ಕೈ ಎಳೆದು "ಹ್ಞೂಂ" ಎಂದೆ.

ಮಕ್ಕಳು ನೆಲ ನೋಡುತ್ತಿದ್ದರು.

"ಅಯ್ಯೋ, ಇನ್ನೂ ಕೆಟ್ಟೋಯ್ತಲ್ಲ ಸಾರ್" ಎಂದರು ವನಜಮ್ಮ. "ಜೊಂಯ್ ಅನ್ನೋದೂ ಹಂಗೇ ಐತೆ, ಇವಾಗ ಸೊಟ್ಟನೂ ಆಗೋಯ್ತು. ನಿಮಗೆ ಕೇಳಿಸ್ತಿಲ್ವಾ?"

ಎರಡು ವರ್ಷದಿಂದ ನಾನು ತಪ್ಪಿಸಿಕೊಂಡು ತಿರುಗಿದ್ದ ಪ್ರಶ್ನೆ ಅದು. ಬಸ್ಸು, ಘಾಟಿ, ನೆಗಡಿ, ಎಲ್ಲ ಉತ್ತರಗಳೂ ಬಾಯಿಗೆ ಬಂದವು. ಆದರೆ ಆ ಹೆಂಗಸು ಕೊಂಕಿಲ್ಲದೆ ಕೇಳಿದ್ದರು. ನನಗೆ ಸಾಕಾಗಿ ಹೋಗಿತ್ತು.

"ಇಲ್ಲ. ನನಗೆ ಕೇಳಿಸುವುದಿಲ್ಲ" ಎಂದೆ.

ಮೋನಿಷಾ ಮೆಲ್ಲಗೆ ಎದ್ದು ನಿಂತಳು. "ನಮ್ಗೆ ಗೊತ್ತುಂಟು ಸಾರ್" ಎಂದಳು. "ಎರಡು ವರ್ಷ ಆಯ್ತು. ಒಂದಿನ ನನ್ನ ಗಿಟಾರಲ್ಲಿ ಸರಿಯಾಗಿದ್ದ ತಂತಿನ ತಿರುಗ್ಸಿ, ಈಗ ಸರಿಯಾಯ್ತು ಅಂತ ಕೊಟ್ರಿ. ನೀವು ಹೋದ್ಮೇಲೆ ನಾವು ಮಾತಾಡಿಕೊಂಡ್ವಿ. ಅವತ್ತಿಂದ ಒಂಬತ್ತೂ ಕಾಲಿಗೆ ಬರ್ತೇವೆ."

"ಯಾಕೆ?"

ಅವಳು ಚೀಲದಿಂದ ಟಿಫಿನ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಕರ್ಚೀಫಿನಲ್ಲಿ ಸುತ್ತಿದ ಟ್ಯೂನರ್ ಇತ್ತು. ನನ್ನ ಬನಿಯನ್ನುಗಳ ಕೆಳಗಿರುವಂಥದ್ದೇ.

ನಾನು ಕೂತೇ ಇದ್ದೆ. ಎರಡು ವರ್ಷ ಪ್ರತಿ ಭಾನುವಾರ "ಹ್ಞೂಂ" ಎಂದದ್ದೆಲ್ಲ ಒಂದೊಂದಾಗಿ ನೆನಪಾಯಿತು. ನನ್ನ ಶಿಸ್ತು, ನನ್ನ ಹೆಮ್ಮೆ, ಬೇರೆ ಮೇಷ್ಟ್ರುಗಳ ಮೇಲಿನ ನನ್ನ ತಾತ್ಸಾರ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು, ಇವರೆಲ್ಲ ನನ್ನನ್ನು ಕಂಡು ಅಯ್ಯೋ ಪಾಪ ಎಂದುಕೊಂಡಿದ್ದರಲ್ಲ ಎಂದು. ಗಿಟಾರನ್ನು ವನಜಮ್ಮನ ಕೈಗೆ ಕೊಟ್ಟು ಎದ್ದೆ. "ಮುಂದಿನ ವಾರದಿಂದ ಕ್ಲಾಸು ಇಲ್ಲ. ಬೇರೆ ಮೇಷ್ಟ್ರನ್ನು ನೋಡಿಕೊಳ್ಳಿ. ನಾನೇ ಇಬ್ಬರ ನಂಬರ್ ಕೊಡುತ್ತೇನೆ" ಎಂದೆ.

ಒಂದು ಮಗು ಅಳುವ ಮುಖ ಮಾಡಿತು. ವನಜಮ್ಮ ಮಾತ್ರ ನನ್ನನ್ನು ದುರುಗುಟ್ಟಿ ನೋಡಿದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ಕ್ಲಾಸ್ ಇಲ್ಲ ಅಂದ್ರೆ ಏನ್ ಸಾರ್? ಕೇಳಿಸಲ್ಲ ಅಂತ ಮೊದ್ಲೇ ಒಂದು ಮಾತು ಹೇಳಬಾರ್ದಿತ್ತಾ? ಎರಡು ತಿಂಗ್ಳು ನನ್ನ ಬೆರಳ್ನೇ ಬೈದ್ರಿ. ನಾನೂ ಮನೇಲಿ ಕೂತು ಅದನ್ನೇ ಬೈಕೊಂಡೆ. ನಿಮ್ಮ ಬೆರಳಿಗಿಂತ ಮಿಶಿನ್ನೇ ವಾಸಿ ಅಂತ ಅವರು ಕಳಿಸಿದಾಗ ನಾನು ಅಳಲಿಲ್ಲ ಸಾರ್. ಅವರು ದುಡ್ಡಿಗೆ ಹಂಗಂತಾರೆ. ನೀವು ಬೆರಳು ಸರಿಯಿಲ್ಲ ಅಂದಾಗ ಅತ್ತೆ. ನೀವು ಎಲ್ಲಾ ಗೊತ್ತಿರೋರು ಅಂತ."

ನನ್ನ ಮಾನ ಉಳಿಸಿಕೊಳ್ಳುವ ಗಲಾಟೆಯಲ್ಲಿ ಇನ್ನೊಬ್ಬರ ಇಪ್ಪತ್ತೆರಡು ವರ್ಷವನ್ನು ಕೆಟ್ಟದ್ದು ಎಂದು ಪಕ್ಕಕ್ಕೆ ಹಾಕಿದ್ದೆ. ಮತ್ತೆ ಕೂತೆ. "ತಪ್ಪಾಯಿತು ವನಜಮ್ಮ. ನಿಮ್ಮ ಬೆರಳಲ್ಲಿ ಏನೂ ದೋಷವಿಲ್ಲ. ನಾನು ನೋಡಿದವರಲ್ಲಿ ಅಂಥ ಬೆರಳು ಇನ್ನೊಬ್ಬರಿಗಿಲ್ಲ" ಎಂದೆ. ಇದನ್ನು ಎರಡನೇ ಭಾನುವಾರವೇ ಹೇಳಬೇಕಿತ್ತು.

"ಅದಿರ್ಲಿ. ಇದನ್ನ ಸರಿಮಾಡಿ" ಎಂದು ಅವರು ಗಿಟಾರನ್ನು ಮತ್ತೆ ನನ್ನ ತೊಡೆಯ ಮೇಲೆ ಇಟ್ಟರು. "ಕಿವಿ ಇಲ್ದಿದ್ರೆ ಕೈ ಇಲ್ವಾ? ಕತ್ತಲಾದ್ರೆ ನಾವು ಕಾಳನ್ನ ಮುಟ್ಟೇ ಹೇಳ್ತಿದ್ವಿ."

ಕತ್ತಿನ ತುದಿಯಲ್ಲಿ, ತಂತಿ ಗೀರಿನಿಂದ ಹೊರಬರುವ ಜಾಗದ ಪಕ್ಕದಲ್ಲೇ ಉಗುರು ತಾಗಿಸಿ ಹಿಡಿದೆ. "ಮೀಟಿ" ಎಂದೆ. ಅವರು ಎರಡನೇ ತಂತಿ ಮೀಟಿದರು. ಉಗುರಿನ ತುದಿಗೆ ಇರುವೆ ಓಡಿದ ಹಾಗೆ ಒಂದು ಸಣ್ಣ ನಡುಕ ಬಂತು. ಮೂರನೆಯದನ್ನು ಮೀಟಿಸಿದೆ, ಇರಲಿಲ್ಲ. ಎರಡನೆಯದು, ಇತ್ತು. ಎಂಟು ವಾರದ ಜೊಂಯ್ ಕೊನೆಗೂ ನನಗೆ ಸಿಕ್ಕಿತು.

ಅಂಗಿಯ ಜೇಬಿನಲ್ಲಿ ಬೆಳಗಿನ ಬಸ್ಸಿನ ಟಿಕೆಟಿತ್ತು. ಅದರಿಂದ ಅಕ್ಕಿಕಾಳಿನಷ್ಟು ಚೂರು ಹರಿದು, ಎರಡು ಮಡಿಕೆ ಮಾಡಿ, ತಂತಿ ಸಡಿಲಿಸಿ ಗೀರಿನೊಳಗೆ ಇಟ್ಟೆ. ಮತ್ತೆ ಬಿಗಿ ಮಾಡಿದೆ. ಉಗುರು ಇಟ್ಟು ಮೀಟಿಸಿದೆ, ನಡುಕ ಹೋಗಿತ್ತು. ಮೋನಿಷಾ ಟ್ಯೂನರನ್ನು ಗಿಟಾರಿನ ತಲೆಗೆ ಕಚ್ಚಿಸಲು ಬಂದಳು. ಬಂದವಳು ನನ್ನ ಮುಖ ನೋಡಿ ತಡೆದಳು. "ಹಾಕು" ಎಂದೆ. ಹಸಿರು ಬರುವವರೆಗೆ ತಿರುಗಿಸಿದೆ. ವನಜಮ್ಮ ಆರೂ ತಂತಿಯ ಮೇಲೆ ಕೈ ಎಳೆದರು, ತಡೆಯದೆ. "ಹ್ಞಾ, ಇವಾಗ ಕಸ ಇಲ್ಲ" ಎಂದರು.

ಸಂಜೆ ಮನೆಗೆ ಹೋಗಿ ಯಮುನಳಿಗೆ ಕಿವಿಯ ವಿಷಯ ಹೇಳಿದೆ. ಅವಳು ಹಾಲು ಇಳಿಸುತ್ತಿದ್ದವಳು ತಿರುಗಿಯೂ ನೋಡಲಿಲ್ಲ. "ಗೊತ್ತುಟ್ಟು. ಬನಿಯನ್ ಮಡ್ಸಿ ಇಡೋದ್ ನಾನಲ್ಲನಾ?" ಎಂದಳು.

ಮುಂದಿನ ಭಾನುವಾರ ಗಾಳಿಬೀಡಿನಿಂದ ಮೊದಲ ಬಸ್ಸಿಗೇ ಹೊರಟೆ. ಒಂಬತ್ತಕ್ಕೆ ಕೋಣೆಯ ಬೀಗ ತೆಗೆದು, ಗೋಡೆಯ ಹಾಳೆ ಕಿತ್ತು, ಕುರ್ಚಿ ಹಾಕಿಕೊಂಡು ಕೂತೆ. ಒಂಬತ್ತೂ ಕಾಲಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು, ದಪ್ಪ ಸದ್ದುಗಳು ನನಗೆ ಕೇಳಿಸುತ್ತವೆ. ಬಾಗಿಲಲ್ಲಿ ಮೋನಿಷಾ ನಿಂತುಬಿಟ್ಟಳು, ಹಿಂದೆ ಮಕ್ಕಳು. ಅವರ ಹಿಂದೆ ವನಜಮ್ಮ, ಮಗನ ಗೂಡ್ಸ್ ಆಟೋದಲ್ಲಿ ಬಂದಿದ್ದರಂತೆ. ನಾನು ಕೈ ಚಾಚಿದೆ. ಮೊದಲ ಗಿಟಾರ್ ಬಂತು. ಬಿರಡೆ ಹಿಡಿದು ವನಜಮ್ಮನ ಮುಖ ನೋಡಿದೆ. ಅವರು ತಂತಿ ಮೀಟಿದರು, ನಾನು ತಿರುಗಿಸಿದೆ, ಸಾಕು ಎಂದು ಅವರು ಹೇಳುವವರೆಗೂ.